ಚೈನ್ ಪುಲ್ಲಿ ಹಾಕಿದರೆ ಕೆಲಸ ಕಡಿಮೆ ಆಗುತ್ತಾ?

ನೀವು ಕೇಳಿದ್ದು ಇಷ್ಟು. ಚಿಕ್ಕ ಮಗಳ ಪಾಠದಲ್ಲಿ "ಸರಳ ಯಂತ್ರಗಳು ಕೆಲಸವನ್ನು ಸುಲಭ ಮಾಡುತ್ತವೆ" ಅಂತಿದೆ. ದೊಡ್ಡವನ ಪಾಠದಲ್ಲಿ "ಯಾವ ಯಂತ್ರವೂ ಕೆಲಸವನ್ನು ಉಳಿಸುವುದಿಲ್ಲ" ಅಂತಿದೆ. ಮಕ್ಕಳು ಜಗಳಕ್ಕೆ ನಿಂತಿದ್ದಾರೆ, ಯಾರ ಕಡೆ ಸೇರಲಿ ಅಂತ ಕೇಳಿದ್ದೀರಿ.

ಇಬ್ಬರೂ ಸರಿ. ನನ್ನ ಕೇಳಿದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ: ಯಂತ್ರ ಹಾಕಿದಾಗ ನಾವು ಮಾಡುವ ಕೆಲಸ ಜಾಸ್ತಿಯೇ ಆಗುತ್ತದೆ. ಆದರೂ ಸುಲಭ.

ನಾನು ಚಿತ್ರದುರ್ಗದ ಸುತ್ತಮುತ್ತ ಬೋರ್‌ವೆಲ್ ಮೋಟಾರ್ ಎತ್ತುವ, ಇಳಿಸುವ ಕೆಲಸ ಮಾಡುವವನು. ಚಳ್ಳಕೆರೆ, ಹಿರಿಯೂರು ಕಡೆ ಬೋರುಗಳು ಎಷ್ಟು ಆಳ ಅಂತ ಈ ಸೀಮೆಯವರಿಗೆ ಹೇಳಬೇಕಿಲ್ಲ. ಲೆಕ್ಕ ಹಗುರಾಗಲಿ ಅಂತ 300 ಅಡಿಯಲ್ಲಿರುವ ಮೋಟಾರನ್ನೇ ತೆಗೆದುಕೊಳ್ಳೋಣ. 2 ಇಂಚಿನ ಕಬ್ಬಿಣದ ಜಿಐ ಪೈಪು, 20 ಅಡಿ ಉದ್ದದ್ದು, 15 ಪೈಪು ಬೇಕು. ಒಂದೊಂದೂ ಸುಮಾರು 30 ಕೆಜಿ. ಅಲ್ಲಿಗೆ 450 ಆಯ್ತು. ಮೋಟಾರು, ಪಂಪು, ಕೇಬಲ್ಲಿಗೆ ಒಂದು 60 ಹಾಕಿ. ಹೊಸಬರು ಮರೆಯುವುದು ನೀರನ್ನು. ಪಂಪಿನ ವಾಲ್ವು ಚೆನ್ನಾಗಿದ್ದರೆ ಪೈಪಿನೊಳಗಿನ ನೀರು ಕೆಳಗೆ ಇಳಿಯುವುದಿಲ್ಲ. ಆ ನೀರೇ ಹತ್ತಿರ ಹತ್ತಿರ 200 ಕೆಜಿ. ಎಲ್ಲ ಸೇರಿ 700 ಕೆಜಿ ಗುಂಡಿಯೊಳಗೆ ನೇತಾಡುತ್ತಿರುತ್ತದೆ.

ಈಗೀಗ ಟ್ರ್ಯಾಕ್ಟರಿಗೆ ಕೂರಿಸಿದ ಮಿಷನ್ನು ಬಂದಿದೆ, ಲಿವರ್ ಎಳೆದರೆ ಮುಗಿಯಿತು. ಗಾಡಿ ಹೋಗದ ತೋಟಗಳಲ್ಲಿ ಮಾತ್ರ ಇನ್ನೂ ಮೂರು ಕಾಲಿನ ಸ್ಟ್ಯಾಂಡು, ಅದಕ್ಕೆ ಕಟ್ಟಿದ ಚೈನ್ ಪುಲ್ಲಿ, ಅಂದರೆ ಕೈಯಲ್ಲಿ ಒಂದು ಚೈನು ಎಳೆದರೆ ಕೊಕ್ಕೆಯಲ್ಲಿ ನೇತುಹಾಕಿದ ಭಾರ ಮೇಲೇರುವ ಯಂತ್ರ. ಒಂದು ಟನ್ನಿನ ಚೈನ್ ಪುಲ್ಲಿಯಲ್ಲಿ ಭಾರ ಒಂದು ಅಡಿ ಏರಬೇಕಾದರೆ ಕೈಚೈನನ್ನು ಸುಮಾರು 40 ಅಡಿ ಎಳೆಯಬೇಕು. 10 ಅಡಿ ಎತ್ತಲು 400 ಅಡಿ. ಅಷ್ಟು ಎತ್ತಿ, ಕ್ಲಾಂಪ್ ಬಿಗಿದು, ಕೊಕ್ಕೆ ಕೆಳಗಿಳಿಸಿ, ಮತ್ತೆ 10 ಅಡಿ. ಪೈಪು ಬಿಚ್ಚಿ ಪಕ್ಕಕ್ಕಿಟ್ಟು ಮುಂದಿನದು. ಬೇಜಾರಿನ ಕೆಲಸ. ಆದರೆ ಬೇಜಾರೇ ಹೊರತು ಭಾರವಲ್ಲ.

ಲೆಕ್ಕ ನೋಡಿ. 700 ಕೆಜಿಯನ್ನು 40ರಿಂದ ಭಾಗಿಸಿದರೆ ಕೈಗೆ ಬರಬೇಕಾದ್ದು 17.5 ಕೆಜಿ. ನಿಜಕ್ಕೂ ಎಳೆಯುವಾಗ 25ರ ಹತ್ತಿರ ಇರುತ್ತದೆ. ಆ ಏಳೆಂಟು ಕೆಜಿ ಒಳಗಿನ ಹಲ್ಲುಚಕ್ರ, ಚೈನುಗಳ ತಿಕ್ಕಾಟಕ್ಕೆ ಹೋಯಿತು. ಬಲವನ್ನು ದೂರದಿಂದ ಗುಣಿಸಿದರೆ ಕೆಲಸ, ಅಲ್ವಾ? ನೇರವಾಗಿ ಎತ್ತಿದ್ದರೆ ಒಂದು ಅಡಿಗೆ 700ರ ಲೆಕ್ಕ. ಪುಲ್ಲಿಯಲ್ಲಿ 25 ಗುಣಿಸು 40, ಅಂದರೆ 1000. ದೊಡ್ಡ ಸಾಲವನ್ನು ಕಂತಿನಲ್ಲಿ ತೀರಿಸಿದ ಹಾಗೆ: ಕೈಗೆ ಹೊರೆಯಾಗಲ್ಲ, ಬಡ್ಡಿ ಮಾತ್ರ ತಪ್ಪಲ್ಲ.

1600ರ ಆಸುಪಾಸಿನಲ್ಲೇ ಗೆಲಿಲಿಯೊ ಇದನ್ನು ಬಿಡಿಸಿ ಬರೆದಿದ್ದ. ಯಂತ್ರ ಕಟ್ಟಿ ಪ್ರಕೃತಿಗೆ ಟೋಪಿ ಹಾಕಬಹುದು ಅಂದುಕೊಂಡವರಿಗೆ, ಬಲದಲ್ಲಿ ಗೆದ್ದಷ್ಟನ್ನು ದೂರದಲ್ಲಿ, ಸಮಯದಲ್ಲಿ ಕೊಡಲೇಬೇಕು ಅಂತ ತೋರಿಸಿದ.

ಹಾಗಾದರೆ ಸುಲಭ ಎಲ್ಲಿಂದ ಬಂತು? ನಮ್ಮ ಮೈಯಿಂದ. 700 ಕೆಜಿಯನ್ನು ನಾನು ಅರ್ಧ ಇಂಚೂ ಅಲ್ಲಾಡಿಸಲಾರೆ. 25 ಕೆಜಿಯನ್ನು ಮಧ್ಯೆ ಮಧ್ಯೆ ನೀರು ಕುಡಿಯುತ್ತಾ ಮಧ್ಯಾಹ್ನದವರೆಗೆ ಎಳೆಯಬಲ್ಲೆ. ನೀರು ಕುಡಿಯಲು ಬಿಡುವು ಸಿಗುವುದೂ ಯಂತ್ರದಿಂದಲೇ. ಪುಲ್ಲಿಯೊಳಗೆ ಟಿಕ್ ಟಿಕ್ ಅಂತ ಸದ್ದಾಗುತ್ತಲ್ಲ, ಅದು ಹಲ್ಲಿನ ಚಕ್ರದ ಮೇಲೆ ಒಂದು ಕೊಂಡಿ ಬೀಳುವ ಸದ್ದು. ಅದೂ ಒಳಗಿನ ಬ್ರೇಕೂ ಸೇರಿ, ಕೈ ಬಿಟ್ಟರೂ ಭಾರವನ್ನು ಹಿಡಿದು ನಿಲ್ಲಿಸುತ್ತವೆ. ಭಾರ ಹಿಡಿದು ಸುಮ್ನೆ ನಿಂತರೆ ವಿಜ್ಞಾನದ ಲೆಕ್ಕದಲ್ಲಿ ಕೆಲಸ ಸೊನ್ನೆ. ತೋಳು ನಡುಗುವುದು ಮಾತ್ರ ಸೊನ್ನೆಯಲ್ಲ. ಪಾಠಗಳಲ್ಲಿ ಇದನ್ನು ಯಾಕೆ ಹೇಳುವುದಿಲ್ಲವೋ!

ತಿಕ್ಕಾಟ ಅಂದರೆ ಬರೀ ನಷ್ಟ ಅಂತಲೂ ತಿಳಿಯಬೇಡಿ. ಲಾರಿಯವರ ಹಳೇ ಸ್ಕ್ರೂ ಜಾಕ್ ನೋಡಿ. ಅದರಲ್ಲಿ ಬ್ರೇಕೇ ಇಲ್ಲ. ಕೈ ಬಿಟ್ಟರೂ ಲಾರಿ ಇಳಿಯುವುದಿಲ್ಲ. ತಿರುಗಿಸುವ ಶ್ರಮದಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಕ್ರೂವಿನ ಸುರುಳಿ ಮರೆಗಳ (ಥ್ರೆಡ್) ತಿಕ್ಕಾಟಕ್ಕೇ ಹೋಗುತ್ತದೆ. ಅದೇ ತಿಕ್ಕಾಟ, ಲಾರಿಯ ಭಾರ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸದಂತೆ ತಡೆಯುತ್ತದೆ. ತಿಕ್ಕಾಟವೇ ಇಲ್ಲದ ಜಾಕ್ ಇದ್ದಿದ್ದರೆ ಅದರಡಿ ಕೈ ಹಾಕಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ.

ಇಳಿಜಾರು ಹಲಗೆಯ ವಿಷಯದಲ್ಲಿ ಒಂದು ಗೊಂದಲ ಇದೆ. ದಾವಣಗೆರೆ ಎಪಿಎಂಸಿಯಲ್ಲಿ ಹಮಾಲರು ಮೆಕ್ಕೆಜೋಳದ ಚೀಲ ಹೊತ್ತು ಹಲಗೆ ಮೇಲೆ ಲಾರಿ ಹತ್ತುವುದನ್ನು ನೋಡಿರುತ್ತೀರಿ. ಬೆನ್ನ ಮೇಲಿನ 50 ಕೆಜಿ ಹಲಗೆ ಮೇಲೂ 50 ಕೆಜಿಯೇ. ಹಲಗೆ ಮಾಡುವ ಉಪಕಾರ ಒಂದೇ: ನಾಲ್ಕು ಅಡಿಯನ್ನು ಒಂದೇ ಸಲ ಏರುವ ಬದಲು ಸಣ್ಣ ಸಣ್ಣ ಹೆಜ್ಜೆಯಲ್ಲಿ ಏರಬಹುದು. ಅದೇ ಒಂದು ಡೀಸೆಲ್ ಡ್ರಮ್ಮು ಉರುಳಿಸಿ. ತುಂಬಿದ ಡ್ರಮ್ಮು ಸುಮಾರು 180 ಕೆಜಿ. 12 ಅಡಿ ಹಲಗೆಯಲ್ಲಿ 4 ಅಡಿ ಎತ್ತರಕ್ಕೆ ದೂಡಿದರೆ ಮೂರರಲ್ಲಿ ಒಂದು ಪಾಲು, 60 ಕೆಜಿ. ಇನ್ನೂ ಜಾಣರು ಹಗ್ಗದ ಒಂದು ತುದಿಯನ್ನು ಲಾರಿಗೆ ಕಟ್ಟಿ, ಡ್ರಮ್ಮಿನ ಅಡಿಯಿಂದ ಸುತ್ತಿ ಮೇಲಕ್ಕೆ ತಂದು ಎಳೆಯುತ್ತಾರೆ. ಆಗ ಡ್ರಮ್ಮೇ ಒಂದು ಚಲಿಸುವ ರಾಟೆ. 60 ಹೋಗಿ 30 ಆಗುತ್ತದೆ. ಎಳೆಯುವ ಹಗ್ಗ ಮಾತ್ರ 12ರ ಬದಲು 24 ಅಡಿ. ಬಾವಿಯ ರಾಟೆಯಿಂದ ಈ ಲಾಭ ಇಲ್ಲ. ಅದು ಇದ್ದಲ್ಲೇ ತಿರುಗುವುದರಿಂದ ಎಳೆಯುವ ದಿಕ್ಕು ಬದಲಾಗುತ್ತದೆ, ಅಷ್ಟೇ.

ಬೆಣೆಯನ್ನು ತೋರಿಸಲು ಮಕ್ಕಳನ್ನು ದುರ್ಗದ ಕೋಟೆಗೆ ಕರೆದುಕೊಂಡು ಬನ್ನಿ. ಬಂಡೆಗಳ ಮೇಲೆ ಸಾಲಾಗಿ ತೋಡಿದ ಗುಳಿಗಳು ಕಾಣುತ್ತವೆ. ಅವು ಬೆಣೆ ಇಟ್ಟು ಕಲ್ಲು ಸೀಳುವ ಗುಳಿಗಳು. ಕಣಶಿಲೆಯನ್ನು (ಗ್ರಾನೈಟ್) ಒತ್ತಿದರೆ ಜಗ್ಗಲ್ಲ, ಎರಡು ಕಡೆಗೆ ಎಳೆದರೆ ಅದರ ಹತ್ತನೇ ಒಂದು ಪಾಲಿಗೂ ಸೀಳುತ್ತದೆ. ಬೆಣೆ ಮಾಡುವುದು ಅದನ್ನೇ, ಸುತ್ತಿಗೆಯ ಪೆಟ್ಟನ್ನು ಪಕ್ಕಕ್ಕೆ ತಿರುಗಿಸುತ್ತದೆ.

ಅಲ್ಲಿಯವರೆಗೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿಸಿ. ಕಾರಿನ ಡಿಕ್ಕಿಯಲ್ಲಿರುವ ಕತ್ತರಿ ಜಾಕನ್ನು ನೆಲದ ಮೇಲಿಡಿ, ಮೇಲೆ ಏನೂ ಇಡಬೇಡಿ. ಹ್ಯಾಂಡಲ್ ಐದು ಸುತ್ತು ತಿರುಗಿಸಿ, ಎಷ್ಟು ಏರಿತು ಅಂತ ಸ್ಕೇಲಿನಲ್ಲಿ ಅಳೆಯಲಿ. ಜಾಕ್ ತಗ್ಗಿನಲ್ಲಿದ್ದಾಗ ಐದು ಸುತ್ತಿಗೆ ಜಾಸ್ತಿ ಏರುತ್ತದೆ, ಮೇಲೆ ಹೋದಂತೆ ಅದೇ ಐದು ಸುತ್ತಿಗೆ ಕಡಿಮೆ. ಒಂದೇ ಭಾರ ಇದ್ದರೆ ಯಾವ ಎತ್ತರದಲ್ಲಿ ತಿರುಗಿಸುವುದು ಕಷ್ಟ ಅಂತ ಇಬ್ಬರನ್ನೂ ಕೇಳಿ. ತಗ್ಗಿನಲ್ಲಿ ಅಂದವರು ಗೆದ್ದರು.