ಮೆಲ್ಬರ್ನ್‌ನಲ್ಲಿ ಮನೆ ಹುಡುಕುವ ಮೊದಲು ರೈಲು ನೋಡಿ

ಜೂನ್‌ನಲ್ಲಿ ಮೆಲ್ಬರ್ನ್‌ಗೆ ಬರುತ್ತಿದ್ದೀರಿ, ಸದ್ಯಕ್ಕೆ ಕಾರು ಕೊಳ್ಳುವುದಿಲ್ಲ, ಮನೆ ಎಲ್ಲಿ ಮಾಡಬೇಕು, ಚಳಿ ತಡೆಯೋಕೆ ಆಗುತ್ತಾ ಅಂತ ಕೇಳಿದ್ದೀರಿ.

ಬಾಡಿಗೆ ಎಷ್ಟು ಅಂತ ನೋಡುವ ಮೊದಲು ರೈಲಿನ ಮ್ಯಾಪ್ ನೋಡಿ. ಈ ಊರು ಬೆಳೆದಿದ್ದೇ ಹಳಿ ಹಿಡಿದುಕೊಂಡು. 1835ರಲ್ಲಿ ಬಿಳಿಯರು ಯಾರಾ ನದಿ ದಡಕ್ಕೆ ಬಂದಾಗ ಇದು ಇಲ್ಲಿನ ಮೂಲನಿವಾಸಿಗಳಾದ ಕುಲಿನ್ ಜನರ ನೆಲ. ಜಾನ್ ಬ್ಯಾಟ್‌ಮನ್ ಎಂಬಾತ ಕಂಬಳಿ, ಚಾಕು, ಕನ್ನಡಿ ಕೊಟ್ಟು ಸುಮಾರು 6 ಲಕ್ಷ ಎಕರೆ ಬರೆಸಿಕೊಂಡೆ ಅಂದ. ಸರ್ಕಾರ ಆ ಪತ್ರ ಒಪ್ಪಲಿಲ್ಲ. ಹಾಗಂತ ನೆಲ ಅದರ ಜನಕ್ಕೆ ವಾಪಸ್ ಸಿಗಲೂ ಇಲ್ಲ. 1851ರಲ್ಲಿ ಬ್ಯಾಲರಾಟ್, ಬೆಂಡಿಗೋ ಕಡೆ ಚಿನ್ನ ಸಿಕ್ಕಿತು, ಆ ದುಡ್ಡಲ್ಲಿ ಊರು ಎದ್ದಿತು. 1880ರ ದಶಕದಲ್ಲಂತೂ ರೈಲು ಎಲ್ಲಿಗೆ ಬರುತ್ತದೆ ಅಂತ ಮೊದಲೇ ಸುಳಿವು ಸಿಕ್ಕವರು ಸೈಟು ಕೊಂಡು ಮಾರಿದ್ದೇ ಮಾರಿದ್ದು. ಬೆಂಗಳೂರಲ್ಲಿ ಮೆಟ್ರೊ ಸುದ್ದಿ ಬಂದಾಗ ನೋಡಿಲ್ವಾ, ಹಾಗೇ! ಮುಂದಿನ ದಶಕದಲ್ಲಿ ಬ್ಯಾಂಕುಗಳು ಮುಳುಗಿದವು, ಹಳಿಗಳು ಉಳಿದವು. ಸಿಡ್ನಿಯವರು 1961ರ ಹೊತ್ತಿಗೆ ಹಳೇ ಟ್ರಾಮ್‌ಗಳನ್ನೆಲ್ಲ ನಿಲ್ಲಿಸಿಬಿಟ್ಟರು. ಮೆಲ್ಬರ್ನ್‌ನವರು ಬಿಡಲಿಲ್ಲ. ಈಗ ಸುಮಾರು 250 ಕಿ.ಮೀ. ಟ್ರಾಮ್ ಹಳಿ ಇದೆ, ಊರ ನಡುಭಾಗದಲ್ಲಿ ಟಿಕೆಟ್ಟೂ ಬೇಡ. ಆ ಗಡಿ ದಾಟಿದರೆ ಮಾತ್ರ ಟಿಕೆಟ್ ಬೇಕು, ಅದಕ್ಕೆ ಮೈಕಿ ಅನ್ನುವ ಪ್ರಯಾಣದ ಕಾರ್ಡ್ ಇದೆ.

ಪಾಯಿಂಟ್ ಕುಕ್ ಬಡಾವಣೆಯಲ್ಲಿ ನಮ್ಮವರು ಜಾಸ್ತಿ ಅಂತ ಯಾರಾದರೂ ಹೇಳಿಯೇ ಇರುತ್ತಾರೆ. ನಿಜ, ಆದರೆ ಅಲ್ಲಿ ರೈಲ್ವೆ ಸ್ಟೇಷನ್ನೇ ಇಲ್ಲ. ಬಸ್ಸಲ್ಲಿ ವಿಲಿಯಮ್ಸ್ ಲ್ಯಾಂಡಿಂಗ್‌ಗೆ ಹೋಗಿ ರೈಲು ಹತ್ತಬೇಕು. ಕಾರಿಲ್ಲದವರಿಗೆ ನಾನಂತೂ ಅದನ್ನು ಹೇಳುವುದಿಲ್ಲ. ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಚಿಕ್ಕ ಮನೆ ಸಿಕ್ಕರೂ ಸಾಕು. ಬಾಡಿಗೆ ಇಲ್ಲಿ ವಾರದ ಲೆಕ್ಕ, ಮರೆಯಬೇಡಿ. ಜಾಹೀರಾತು ನೋಡಿ ಪರವಾಗಿಲ್ಲ, ಅಗ್ಗ ಅಂದುಕೊಂಡುಬಿಡುತ್ತೀರಿ.

ಇನ್ನು ಚಳಿ. ಊರೊಳಗೆ ಹಿಮ ಬೀಳುವುದಿಲ್ಲ, ಹೊರಗಿನ ಚಳಿ ಜಾಕೆಟ್‌ಗೆ ಬಗ್ಗುತ್ತದೆ. ಕಾಟ ಕೊಡುವುದು ಮನೆಯೊಳಗಿನದು. ಹಳೇ ಮನೆಗಳ ಗೋಡೆ ತೆಳು, ಕಿಟಕಿ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ವಾಸ್ತು ಅಂತ ಪೂರ್ವದ ಬಾಗಿಲು ಹುಡುಕುವ ಬದಲು ಉತ್ತರಕ್ಕೆ ದೊಡ್ಡ ಕಿಟಕಿ ಇರುವ ಮನೆ ಹಿಡಿಯಿರಿ. ನಾವಿರುವುದು ಭೂಮಿಯ ದಕ್ಷಿಣ ಭಾಗ ಅಲ್ವಾ, ಚಳಿಗಾಲದ ಬಿಸಿಲು ಬರುವುದು ಆ ಕಡೆಯಿಂದಲೇ. ಬಾಡಿಗೆ ಮನೆಯ ಹಾಲ್‌ನಲ್ಲಿ ಹೀಟರ್ ಇರಲೇಬೇಕು ಅಂತ ಕಾನೂನಿದೆ. ಮನೆ ನೋಡೋಕೆ ಹೋದಾಗ ಸಂಕೋಚ ಬಿಟ್ಟು ಅದನ್ನು ಆನ್ ಮಾಡಿ ನೋಡಿ.