ಬಾಲ್ಕನಿನಾ, ಸೂಟಾ? ಮೊದಲು ಕ್ಯಾಬಿನ್ ನಂಬರ್ ಕೇಳಿ

ಮೇಡಂ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಫೋನಿನಲ್ಲಿ ಎರಡು ಸಾಲು ಬರೆದು ಮುಗಿಸುವ ವಿಷಯ ಅಲ್ಲ ಅನ್ನಿಸಿ ಇವತ್ತು ಕಾಫಿ ಇಟ್ಟುಕೊಂಡು ಕೂತಿದ್ದೇನೆ. ಉದ್ದ ಆದರೆ ಬೈಯಬೇಡಿ.

ನೀವು ಹೇಳಿದ್ದು ಇಷ್ಟು. ಸಿಂಗಪುರದಿಂದ ನಾಲ್ಕು ರಾತ್ರಿಯ ಕ್ರೂಸ್, ರಾಯಲ್ ಕೆರಿಬಿಯನ್‌ನ ಕ್ವಾಂಟಮ್ ಮಾದರಿಯ ಹಡಗು. ನೀವಿಬ್ಬರು, ಇಬ್ಬರು ಮಕ್ಕಳು, ಅತ್ತೆ, ಮಾವ. ಅತ್ತೆಗೆ ಮಂಡಿ ನೋವು. ಏಜೆಂಟ್ ಮೂರು ದಾರಿ ತೋರಿಸಿದ್ದಾರೆ: ಎರಡು ‘ಬಾಲ್ಕನಿ ಗ್ಯಾರಂಟಿ’, ಇಲ್ಲವೇ ಎರಡು ಜೂನಿಯರ್ ಸೂಟ್, ಅದೂ ಬೇಡ ಅಂದರೆ ಅತ್ತೆ ಮಾವನಿಗೆ ಲಾಫ್ಟ್ ಸೂಟ್, ನಿಮಗೆ ಬಾಲ್ಕನಿ. ಯಾವುದು ಸರಿ ಅಂತ ಕೇಳಿದ್ದೀರಿ.

ನನ್ನನ್ನು ಕೇಳಿದರೆ ಮೂರೂ ಬೇಡ. ಅಕ್ಕಪಕ್ಕದ, ನಡುವೆ ಬಾಗಿಲು ಇರುವ ಎರಡು ಮಾಮೂಲಿ ಬಾಲ್ಕನಿ ಕ್ಯಾಬಿನ್ ತೆಗೆದುಕೊಳ್ಳಿ, ಅದೂ ನಂಬರ್ ಸಮೇತ. ಒಂದರಲ್ಲಿ ಅಜ್ಜ ಅಜ್ಜಿ ಜೊತೆ ಒಂದು ಮಗು, ಇನ್ನೊಂದರಲ್ಲಿ ನೀವಿಬ್ಬರು ಮತ್ತು ಇನ್ನೊಂದು ಮಗು. ಮಕ್ಕಳು ದಿನಾ ಅದಲು ಬದಲು ಆಗುತ್ತಾರೆ ಬಿಡಿ, ಬಾಗಿಲು ಇರುವುದೇ ಅದಕ್ಕೆ.

ಈಗ ಯಾಕೆ ಅಂತ ಹೇಳುತ್ತೇನೆ. ನಾನಿರುವುದು ಸುರತ್ಕಲ್‌ನಲ್ಲಿ. ಚಳಿಗಾಲದಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬಂದು ನಿಲ್ಲುತ್ತವೆ. ಅದರಲ್ಲಿ ಒಂದನ್ನು ದೂರದಿಂದ ನೋಡಿದರೆ ಕ್ಯಾಬಿನ್‌ಗಳ ಲೆಕ್ಕ ಅರ್ಧ ಅರ್ಥವಾಗುತ್ತದೆ. ನೀರಿಗೆ ಹತ್ತಿರ ದುಂಡು ಕಿಟಕಿ, ತೆರೆಯಲು ಬರುವುದಿಲ್ಲ. ಅದು ಓಷನ್ ವ್ಯೂ. ಅದರ ಮೇಲೆ ಸಾಲಾಗಿ ನೇತಾಡುವ ಕಿತ್ತಳೆ ಬಣ್ಣದ ಲೈಫ್‌ಬೋಟ್‌ಗಳು. ಅವುಗಳ ಹಿಂದೆಯೂ ರೂಮುಗಳಿರುತ್ತವೆ. ಕಿಟಕಿ ಇದೆ, ಆದರೆ ಕಾಣುವುದು ದೋಣಿಯ ಬೆನ್ನು. ಅಬ್‌ಸ್ಟ್ರಕ್ಟೆಡ್ ವ್ಯೂ ಅಂತ ಬರೆದಿದ್ದರೆ ಸಾಮಾನ್ಯವಾಗಿ ಇದೇ. ಇನ್ನೂ ಮೇಲೆ ಜೇನುಗೂಡಿನ ಹಾಗೆ ಬಾಲ್ಕನಿಗಳು. ಹೊರಗಿಂದ ಕಾಣದೆ ಹೊಟ್ಟೆಯೊಳಗೆ ಇರುವುದು ಇಂಟೀರಿಯರ್, ಕಿಟಕಿಯೇ ಇಲ್ಲ. ಹೆಸರು ಎಷ್ಟೇ ಇರಲಿ, ಮೂಲದಲ್ಲಿ ಇಂಟೀರಿಯರ್, ಓಷನ್ ವ್ಯೂ, ಬಾಲ್ಕನಿ, ಸೂಟ್ ಅಂತ ನಾಲ್ಕೇ ಜಾತಿ. ಉಳಿದದ್ದೆಲ್ಲ ಒಳಪಂಗಡ!

ಇಂಟೀರಿಯರ್ ಅಂದ ಕೂಡಲೇ ಮೂಗು ಮುರಿಯಬೇಡಿ. ಮುಂಬೈ–ಗೋವಾ ಕಾರ್ಡೇಲಿಯಾ ಎಂಪ್ರೆಸ್ ಥರದ ಎರಡು ರಾತ್ರಿಯ ಪ್ರಯಾಣಕ್ಕೆ ಅದೇ ಸಾಕು. ಆ ಹಡಗು 1990ರದ್ದು. ಆ ಕಾಲದಲ್ಲಿ ಬಾಲ್ಕನಿ ಅನ್ನುವುದು ದುಬಾರಿ ರೂಮಿನವರಿಗೆ ಮಾತ್ರ ಇದ್ದ ಸೌಲಭ್ಯ, ಹಾಗಾಗಿ ಅದರಲ್ಲಿ ಬಾಲ್ಕನಿ ಕಡಿಮೆ. ನಾವು ಅದರಲ್ಲಿ ಇಂಟೀರಿಯರ್‌ನಲ್ಲೇ ಹೋಗಿದ್ದು. ಲೈಟ್ ಆರಿಸಿದರೆ ಗವ್ವೆನ್ನುವ ಕತ್ತಲೆ, ಇಂಥ ನಿದ್ದೆ ಮನೆಯಲ್ಲೂ ಬಂದಿಲ್ಲ. ನಿಮ್ಮ ಕ್ವಾಂಟಮ್ ಮಾದರಿ ಹಡಗಿನಲ್ಲಿ ಇನ್ನೊಂದು ತಮಾಷೆ ಇದೆ, ವರ್ಚುವಲ್ ಬಾಲ್ಕನಿ. ಒಳಗಿನ ರೂಮಿಗೆ ನೆಲದಿಂದ ಮೇಲಿನವರೆಗೆ 80 ಇಂಚಿನ ಪರದೆ, ಹೊರಗಿನ ಕ್ಯಾಮೆರಾದಲ್ಲಿ ಕಾಣುವ ಸಮುದ್ರ ಅದರಲ್ಲಿ ಲೈವ್ ಆಗಿ ಬರುತ್ತದೆ. ಮಕ್ಕಳಿಗೆ ಖುಷಿ. ಗಾಳಿ ಬರಲ್ಲ ಅಷ್ಟೇ. ಏಜೆಂಟ್ ಬರೀ ಬಾಲ್ಕನಿ ಅಂತ ಹೇಳಿ ಇದನ್ನು ತಗಲಿಸಿಬಿಟ್ಟಾರು, ಕೇಳಿಕೊಳ್ಳಿ.

ನಗಬೇಡಿ, ಇಂಥದ್ದೇ ನನ್ನ ತಮ್ಮನಿಗೆ ಆಗಿದೆ. ಇದೇ ರಾಯಲ್ ಕೆರಿಬಿಯನ್‌ನ ಓಯಸಿಸ್ ಮಾದರಿಯ ದೊಡ್ಡ ಹಡಗುಗಳ ನಡುಭಾಗ ಆಕಾಶಕ್ಕೆ ತೆರೆದಿರುತ್ತದೆ, ನಮ್ಮ ಹಳೇ ತೊಟ್ಟಿಮನೆಯ ಹಾಗೆ. ಒಳಗೆ ಸೆಂಟ್ರಲ್ ಪಾರ್ಕ್ ಅಂತ ನಿಜವಾದ ಗಿಡಗಳ ತೋಟ, ಹಿಂದಕ್ಕೆ ಬೋರ್ಡ್‌ವಾಕ್ ಅಂತ ಜಾತ್ರೆ ಬೀದಿ. ಅವುಗಳ ಕಡೆ ಮುಖ ಮಾಡಿದ ರೂಮುಗಳಿಗೂ ಬಾಲ್ಕನಿ ಅಂತಲೇ ಹೆಸರು. ಸಮುದ್ರ ನೋಡುತ್ತಾ ಕಾಫಿ ಕುಡಿಯುತ್ತೇನೆ ಅಂತ ಹೋದವನಿಗೆ ಎದುರು ಮನೆಯವರ ಟವೆಲ್ ಕಂಡಿತು. ಏಜೆಂಟ್ ಸುಳ್ಳು ಹೇಳಿರಲಿಲ್ಲ, ಇವನು ಯಾವ ಕಡೆಗೆ ಅಂತ ಕೇಳಿರಲಿಲ್ಲ.

ಈಗ ನಿಮ್ಮ ಮೊದಲ ದರಕ್ಕೆ, ಅಂದರೆ ಬಾಲ್ಕನಿ ಗ್ಯಾರಂಟಿಗೆ ಬರೋಣ. ಈ ಗ್ಯಾರಂಟಿ ನಮ್ಮ ಸರ್ಕಾರದ ಗ್ಯಾರಂಟಿ ಥರ ಅಲ್ಲ ಮಾರಾಯ್ರೆ. ಬಾಲ್ಕನಿ ದರ್ಜೆಗಿಂತ ಕೆಳಗೆ ಹಾಕುವುದಿಲ್ಲ, ಅಷ್ಟೇ ಅದರ ಭರವಸೆ. ಯಾವ ಡೆಕ್ (ಅಂದರೆ ಹಡಗಿನ ಅಂತಸ್ತು), ಯಾವ ಮೂಲೆ, ಎಲ್ಲ ಕಂಪನಿಯ ಇಷ್ಟ. ನಂಬರ್ ಕೆಲವೊಮ್ಮೆ ಹೊರಡುವ ಹೊತ್ತಿಗೆ ಬರುತ್ತದೆ. ಅದೃಷ್ಟ ಇದ್ದರೆ ಮೇಲಿನ ದರ್ಜೆ ಸಿಗಬಹುದು, ಆದರೆ ಅದನ್ನು ನಂಬಿ ಕೂರಬಾರದು. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ, ದುಡ್ಡು ಉಳಿಯುತ್ತದೆ. ನಿಮ್ಮ ವಿಷಯದಲ್ಲಿ ಎರಡು ರೂಮುಗಳು ಅಕ್ಕಪಕ್ಕ ಸಿಗುತ್ತವೆ ಅನ್ನುವ ಗ್ಯಾರಂಟಿ ಮಾತ್ರ ಈ ಗ್ಯಾರಂಟಿಯಲ್ಲಿ ಇಲ್ಲ. ಒಂದು 7ನೇ ಡೆಕ್‌ನ ಮುಂದಿನ ತುದಿ, ಇನ್ನೊಂದು 12ನೇ ಡೆಕ್‌ನ ಹಿಂದಿನ ತುದಿ ಬಂದರೆ? ಹಡಗಿನ ಉದ್ದವೇ ಸುಮಾರು 347 ಮೀಟರ್. ಅತ್ತೆಯವರ ಮಂಡಿಯನ್ನು ನೆನಪಿಸಿಕೊಳ್ಳಿ.

ನನಗೂ ಒಮ್ಮೆ ಗ್ಯಾರಂಟಿಯ ಪ್ರಸಾದ ಸಿಕ್ಕಿದೆ. ಹಡಗಿನ ಹೆಸರು ಬೇಡ. ರೂಮು ಚೆನ್ನಾಗಿತ್ತು, ದೊಡ್ಡದಿತ್ತು, ಮೇಲಿನ ಡೆಕ್ ಅಂತ ಹೆಮ್ಮೆಯಿಂದ ಒಳಗೆ ಹೋದೆವು. ಬೆಳಿಗ್ಗೆ ಐದಕ್ಕೆ ತಲೆ ಮೇಲೆ ದರದರ ಅಂತ ಸದ್ದು. ಮೇಲೆ ಈಜುಕೊಳ, ಹುಡುಗರು ಒರಗು ಕುರ್ಚಿಗಳನ್ನು ಸಾಲು ಮಾಡುತ್ತಿದ್ದರು. ಐದು ದಿನವೂ ಇದೇ ಸುಪ್ರಭಾತ. ಆವತ್ತಿನಿಂದ ನಾನು ರೂಮಿನ ಫೋಟೋ ನೋಡುವುದನ್ನೇ ಬಿಟ್ಟೆ. ಡೆಕ್ ಪ್ಲಾನ್, ಅಂದರೆ ಅಂತಸ್ತುಗಳ ನಕ್ಷೆ ತೆಗೆದು ನನ್ನ ನಂಬರ್‌ನ ಮೇಲೇನಿದೆ, ಕೆಳಗೇನಿದೆ ನೋಡುತ್ತೇನೆ. ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇದ್ದರೆ ಸುಖ. ಥಿಯೇಟರ್, ಡಿಸ್ಕೋ, ಅಡುಗೆಮನೆ, ಬಫೆ ಇದ್ದರೆ ಬೇಡ. ತೀರಾ ಮುಂದಿನ ಕೆಳ ಡೆಕ್ ಆದರೆ ಬಂದರಿನಲ್ಲಿ ಲಂಗರಿನ ಸರಪಳಿ ಸದ್ದು ಕೇಳುತ್ತದೆ. ಅಲುಗಾಟ ಕಡಿಮೆ ಬೇಕು ಅಂದರೆ ನಡುಭಾಗ, ಆದಷ್ಟು ಕೆಳಗಿನ ಡೆಕ್. ಬಸ್ಸಿನಲ್ಲಿ ಹಿಂದಿನ ಸೀಟು ಎತ್ತಿ ಎತ್ತಿ ಹಾಕುತ್ತದಲ್ಲ, ಅದೇ ಲೆಕ್ಕ.

ದರಪಟ್ಟಿಯಲ್ಲಿ 1ಡಿ, 2ಡಿ, 4ಡಿ ಅಂತೆಲ್ಲ ಇರುತ್ತದೆ, ಅದನ್ನೂ ನೀವು ಕೇಳಿದ್ದಿರಿ. ರಾಯಲ್ ಕೆರಿಬಿಯನ್‌ನಲ್ಲಿ ಡಿ ಅಂದರೆ ಬಾಲ್ಕನಿ, ವಿ ಅಂದರೆ ಇಂಟೀರಿಯರ್, ಎನ್ ಅಂದರೆ ಓಷನ್ ವ್ಯೂ. ಅಕ್ಷರಕ್ಕೆ ಮೊದಲು ಬರುವ ಅಂಕಿ ಬಹುತೇಕ ಜಾಗಕ್ಕೆ ಸಂಬಂಧಿಸಿದ್ದು, ಒಳಗಿನ ಮಂಚ, ಸೋಫಾ, ಬಚ್ಚಲು ಹೆಚ್ಚುಕಮ್ಮಿ ಒಂದೇ ಥರ. ಎಕ್ಸ್‌ಬಿ ಅಂತ ಕಂಡರೆ ಅದು ಬಾಲ್ಕನಿ ಗ್ಯಾರಂಟಿ. ನಿಮಗೆ ಬೇಕಾದದ್ದು ಸಿಬಿ, ಅಂದರೆ ನಡುವೆ ಬಾಗಿಲು ಇರುವ ಬಾಲ್ಕನಿ ಜೋಡಿ. ಅವು ಕಡಿಮೆ ಇರುತ್ತವೆ, ಬೇಗ ಖಾಲಿಯಾಗುತ್ತವೆ. ಪರಿಚಯ ಇಲ್ಲದವರ ಪಕ್ಕದಲ್ಲಿ ಅಂಥ ರೂಮು ಸಿಕ್ಕರೆ ಬಾಗಿಲ ಸಂದಿನಿಂದ ಅವರ ಮಾತೆಲ್ಲ ಕೇಳುತ್ತದೆ, ಬೇರೆಯವರು ಬೇಡ ಅನ್ನುವುದು ಅದಕ್ಕೇ. ನಿಮಗೆ ಅದೇ ಅನುಕೂಲ.

ಇನ್ನು ಸೂಟ್. ಬರೆಯುವುದು ಸೂಟ್, ಕೆಲವರು ಹೇಳುವುದು ಸ್ವೀಟ್, ನಮ್ಮ ಮಾವ ಇದು ಊಟದಲ್ಲಿ ಕೊಡುವ ಸಿಹಿ ಅಂದುಕೊಂಡಿದ್ದರು. ಗೊಂದಲ ಜಾಸ್ತಿ ಇರುವುದು ಇಲ್ಲೇ. ಯಾಕೆಂದರೆ ಈ ಒಂದು ಪದಕ್ಕೆ ಎರಡು ಅರ್ಥ. ಒಂದು, ಸ್ವಲ್ಪ ದೊಡ್ಡ ರೂಮು. ಇನ್ನೊಂದು, ಹಡಗಿನೊಳಗೆ ಇನ್ನೊಂದು ಹಡಗು. ದರ ಕೊಡುವವರು ಎರಡನೆಯದರ ಕನಸು ತೋರಿಸಿ ಮೊದಲನೆಯದನ್ನು ಮಾರುತ್ತಾರೆ.

ರಾಯಲ್ ಕೆರಿಬಿಯನ್‌ನಲ್ಲಿ ಓಯಸಿಸ್, ಕ್ವಾಂಟಮ್, ಐಕಾನ್ ಮಾದರಿ ಹಡಗುಗಳ ಸೂಟ್‌ಗಳಿಗೆ ಮೂರು ದರ್ಜೆ ಇದೆ: ಸೀ, ಸ್ಕೈ, ಸ್ಟಾರ್. 2016ರಲ್ಲಿ ಶುರುವಾದ ಪದ್ಧತಿ. ಜೂನಿಯರ್ ಸೂಟ್ ಬರುವುದು ಸೀ ದರ್ಜೆಗೆ, ಅಂದರೆ ಕೊನೆಯ ಮೆಟ್ಟಿಲು. ಮಾಮೂಲಿ ಬಾಲ್ಕನಿ ರೂಮು 180–200 ಚದರ ಅಡಿ ಆದರೆ ಇದು ಸುಮಾರು 270. ಬಟ್ಟೆ ಇಡಲು ಜಾಗ, ದೊಡ್ಡ ಬಾಲ್ಕನಿ, ರಾತ್ರಿ ಊಟಕ್ಕೆ ಮಾತ್ರ ಕೋಸ್ಟಲ್ ಕಿಚನ್ ಅನ್ನುವ ಸೂಟ್‌ನವರ ರೆಸ್ಟೋರೆಂಟ್. ಬೇರೆ ಮಲಗುವ ಕೋಣೆ ಇಲ್ಲ. ಸೂಟ್‌ನವರ ಲೌಂಜ್‌ಗೆ ಪ್ರವೇಶವೂ ಇಲ್ಲ. ಸ್ಕೈ ದರ್ಜೆಗೆ ಹೋದರೆ ಮೂರು ಹೊತ್ತೂ ಕೋಸ್ಟಲ್ ಕಿಚನ್, ಲೌಂಜ್, ಬೇಕಾದ ಏರ್ಪಾಡು ಮಾಡಿಕೊಡುವ ಕನ್ಸಿಯರ್ಜ್, ಇಂಟರ್‌ನೆಟ್. ಸ್ಟಾರ್ ಅಂದರೆ ರಾಜಭೋಗ. ರಾಯಲ್ ಜೀನಿ ಅಂತ ಒಬ್ಬರು ನಿಮ್ಮ ಕೆಲಸಕ್ಕೇ ಇರುತ್ತಾರೆ, ಪಾನೀಯ, ಬೇರೆಯವರು ಪ್ರತ್ಯೇಕ ದುಡ್ಡು ಕೊಡಬೇಕಾದ ಸ್ಪೆಷಾಲಿಟಿ ರೆಸ್ಟೋರೆಂಟ್, ಟಿಪ್ಸ್ ಎಲ್ಲ ಸೇರಿರುತ್ತದೆ. ಓಯಸಿಸ್‌ನ ರಾಯಲ್ ಲಾಫ್ಟ್ ಸೂಟ್ 1,524 ಚದರ ಅಡಿ, ಬಾಲ್ಕನಿ ಬಿಟ್ಟು. ನಮ್ಮ 30-40 ಸೈಟ್ 1,200 ಅಡಿ ಅಲ್ವಾ, ಲೆಕ್ಕ ಹಾಕಿಕೊಳ್ಳಿ.

ಬೇರೆ ಕಂಪನಿಗಳಲ್ಲಿ ಹೆಸರು ಬೇರೆ. ನಾರ್ವೇಜಿಯನ್‌ನಲ್ಲಿ ಹೇವನ್, ಎಂಎಸ್‌ಸಿಯಲ್ಲಿ 2008ರಿಂದ ಯಾಟ್ ಕ್ಲಬ್, ಸಿಂಗಪುರದಿಂದಲೇ ಹೊರಡುವ ಗೆಂಟಿಂಗ್ ಡ್ರೀಮ್‌ನಲ್ಲಿ ಪ್ಯಾಲೇಸ್. ಇವು ನಿಜವಾಗಿಯೂ ಪ್ರತ್ಯೇಕ ಲೋಕ: ಅವರಿಗೇ ಈಜುಕೊಳ, ಅವರಿಗೇ ಊಟದ ಮನೆ, ಬಟ್ಲರ್. ಎಂಎಸ್‌ಸಿಯಲ್ಲಿ ಇನ್ನೊಂದು ಒಗಟು, ಒಂದೇ ಬಾಲ್ಕನಿ ರೂಮಿಗೆ ಬೆಲ್ಲಾ, ಫೆಂಟಾಸ್ಟಿಕಾ, ಔರಿಯಾ ಅಂತ ಬೇರೆ ಬೇರೆ ದರ. ರೂಮಿಗಿಂತ ಜಾಗದ ಆಯ್ಕೆ, ಊಟದ ಸಮಯ, ಸ್ಪಾ, ಇಂಥವುಗಳಲ್ಲಿ ವ್ಯತ್ಯಾಸ. ಕ್ಯುನಾರ್ಡ್‌ನವರದ್ದು ಇನ್ನೂ ಹಳೇ ಕಾಲದ ಜಮೀನ್ದಾರಿ. ಕ್ವೀನ್ ಮೇರಿ 2ರಲ್ಲಿ ರೂಮಿನ ದರ್ಜೆಯೇ ನೀವು ಎಲ್ಲಿ ಊಟ ಮಾಡಬೇಕು ಅಂತ ಹೇಳುತ್ತದೆ: ಬ್ರಿಟಾನಿಯಾ, ಪ್ರಿನ್ಸೆಸ್ ಗ್ರಿಲ್, ಕ್ವೀನ್ಸ್ ಗ್ರಿಲ್. ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಅನ್ನುವ ಮಾತು ಹೋಗಿದೆ, ಪಂಕ್ತಿ ಹೋಗಿಲ್ಲ.

ದುಡ್ಡಿನ ಲೆಕ್ಕ ನಾನು ಹೀಗೆ ಮಾಡುತ್ತೇನೆ. ಸೂಟ್ ದರದಲ್ಲಿ ಬಾಲ್ಕನಿ ದರ ಕಳೆಯಿರಿ, ರಾತ್ರಿಗಳಿಂದ ಭಾಗಿಸಿ. ಆ ಮೊತ್ತದಲ್ಲಿ ಬರುವ ಸೌಲಭ್ಯಗಳಲ್ಲಿ ನೀವು ಹೇಗೂ ದುಡ್ಡು ಕೊಟ್ಟು ಕೊಳ್ಳುತ್ತಿದ್ದದ್ದು ಯಾವುದು? ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ, ಹಾಗಾಗಿ ಪಾನೀಯ ಪ್ಯಾಕೇಜ್‌ಗೆ ನಮ್ಮ ಲೆಕ್ಕದಲ್ಲಿ ಸೊನ್ನೆ. ನಮ್ಮಮ್ಮನಿಗೆ ಮೇಣದಬತ್ತಿ ಹಚ್ಚಿಟ್ಟ ರೆಸ್ಟೋರೆಂಟ್‌ಗಿಂತ ಬಫೆಯ ಅನ್ನ ಮೊಸರು ಮೇಲು, ಅದಕ್ಕೂ ಸೊನ್ನೆ. ಉಳಿದದ್ದು ಇಂಟರ್‌ನೆಟ್ ಮತ್ತು ಹತ್ತುವಾಗ ಕ್ಯೂ ತಪ್ಪುವುದು. ಅದಕ್ಕೆ ಅಷ್ಟು ಕೊಡಬೇಕಾ? ಇನ್ನೊಂದು, ದರ ಯಾವಾಗಲೂ ತಲೆಗೆ ಇಷ್ಟು ಅಂತ, ಒಂದು ರೂಮಿಗೆ ಇಬ್ಬರು ಅನ್ನುವ ಲೆಕ್ಕದಲ್ಲಿ. ಮೂರನೆಯವರಿಗೆ ಸಾಮಾನ್ಯವಾಗಿ ಕಡಿಮೆ. ಬಂದರು ಶುಲ್ಕ, ದಿನದ ಟಿಪ್ಸ್ ಬೇರೆ, ಟಿಪ್ಸ್ ಸೇರಿರುವ ಸ್ಟಾರ್ ದರ್ಜೆ ಬಿಟ್ಟರೆ ಜೂನಿಯರ್‌ಗಿಂತ ಮೇಲಿನ ಸೂಟ್‌ನವರಿಗೆ ಟಿಪ್ಸ್ ದರವೂ ಜಾಸ್ತಿ. ಮೂರೂ ದರಗಳಿಗೆ ಇವೆಲ್ಲ ಸೇರಿಸಿ ಕೊಡಿ ಅಂತ ಕೇಳಿ, ಆಮೇಲೆ ಹೋಲಿಸಿ. (ಒಬ್ಬರೇ ಹೋಗುವವರಿದ್ದರೆ ಕೇಳಿ. ನಿಮಗೆ ಹೆಚ್ಚುಕಮ್ಮಿ ಇಬ್ಬರ ದರ ಬೀಳುತ್ತದೆ. ಒಬ್ಬರಿಗೆಂದೇ ಮಾಡಿದ ಸ್ಟುಡಿಯೋ ಕ್ಯಾಬಿನ್ ಇರುವ ಹಡಗು ಹುಡುಕಿ, 2010ರ ನಾರ್ವೇಜಿಯನ್ ಎಪಿಕ್‌ನಿಂದ ಅದು ಜನಪ್ರಿಯವಾಯಿತು.)

ಲಾಫ್ಟ್ ಸೂಟ್ ವಿಷಯಕ್ಕೆ ನನಗೆ ಸಿಟ್ಟೇ ಬಂತು. ಲಾಫ್ಟ್ ಅಂದರೆ ಎರಡು ಅಂತಸ್ತು. ಕೆಳಗೆ ಸೋಫಾ, ಮೇಲೆ ಮಂಚ, ನಡುವೆ ಮೆಟ್ಟಿಲು. ಮಂಡಿ ನೋವಿನ ಹಿರಿಯರಿಗೆ ರಾತ್ರಿ ಎದ್ದು ಹತ್ತಿ ಇಳಿಯುವ ರೂಮನ್ನು, ಅದೂ ದುಬಾರಿ ದರಕ್ಕೆ, ಯಾವ ಬುದ್ಧಿಯಿಂದ ಹೇಳಿದರೋ! ಜೂನಿಯರ್ ಸೂಟ್ ಕೂಡ ಒಮ್ಮೆ ವಿಚಾರಿಸಿ. ಹಲವದರಲ್ಲಿ ಬಾತ್‌ಟಬ್ ಇರುತ್ತದೆ, ಸ್ನಾನಕ್ಕೆ ಅದರ ಅಂಚು ದಾಟಿ ಕಾಲಿಡಬೇಕು. ಮಾಮೂಲಿ ಬಾಲ್ಕನಿ ರೂಮಿನ ಶವರ್ ಚಿಕ್ಕದು, ಆದರೆ ಅಷ್ಟು ಎತ್ತರ ದಾಟುವ ಕೆಲಸ ಇಲ್ಲ. ಬಚ್ಚಲ ಹೊಸ್ತಿಲು ಮಾತ್ರ ಸ್ವಲ್ಪ ಎತ್ತರ ಇರುತ್ತದೆ, ಮೊದಲ ದಿನವೇ ಅತ್ತೆಗೆ ತೋರಿಸಿಬಿಡಿ. ಗಾಲಿಕುರ್ಚಿ ಬೇಕಾಗುವಷ್ಟು ತೊಂದರೆ ಇದ್ದರೆ ಅಗಲ ಬಾಗಿಲಿನ ಆಕ್ಸೆಸಿಬಲ್ ಕ್ಯಾಬಿನ್ ಕೇಳಿ. ನಡೆಯಲು ಆಗುತ್ತದೆ ಅಂದರೆ ಅದನ್ನು ಬೇಕಾದವರಿಗೆ ಬಿಡೋಣ.

ಹಾಗಾಗಿ ಏಜೆಂಟ್‌ಗೆ ಹೀಗೆ ಮೆಸೇಜ್ ಹಾಕಿ: ನಡುವೆ ಬಾಗಿಲು ಇರುವ ಎರಡು ಸಮುದ್ರದ ಕಡೆಯ ಬಾಲ್ಕನಿ, ತಲಾ ಮೂವರು ಮಲಗುವಂಥದ್ದು, ಹಡಗಿನ ನಡುಭಾಗದಲ್ಲಿ, ಲಿಫ್ಟ್‌ನಿಂದ ಐದಾರು ಬಾಗಿಲು ದೂರ. ಲಿಫ್ಟ್ ಎದುರೇ ಬೇಡ, ರಾತ್ರಿಯೆಲ್ಲ ಗಲಾಟೆ. ಮೂವರು ಅನ್ನುವುದನ್ನು ಒತ್ತಿ ಹೇಳಿ, ಕೆಲವು ರೂಮುಗಳಲ್ಲಿ ಸೋಫಾ ಮಂಚವಾಗುವುದಿಲ್ಲ. ಡೆಕ್ ಪ್ಲಾನ್‌ನಲ್ಲಿ ಇದಕ್ಕೆಲ್ಲ ಚಿಕ್ಕ ಗುರುತುಗಳಿವೆ, ಕೆಳಗೆ ಅರ್ಥವೂ ಕೊಟ್ಟಿರುತ್ತಾರೆ. ಅಂಥ ಜೋಡಿ ಖಾಲಿ ಇಲ್ಲ ಅಂದರೆ ಬಾಗಿಲಿಲ್ಲದ ಅಕ್ಕಪಕ್ಕದ ಎರಡು ಬಾಲ್ಕನಿಯೂ ನಡೆಯುತ್ತದೆ. ಎಷ್ಟೋ ಹಡಗುಗಳಲ್ಲಿ ಬಾಲ್ಕನಿಗಳ ನಡುವಿನ ತಡಿಕೆಯನ್ನು ರೂಮ್ ಹುಡುಗನಿಗೆ ಹೇಳಿದರೆ ತೆಗೆದುಕೊಡುತ್ತಾನೆ.

ಎರಡು ನಂಬರ್ ಕೈಗೆ ಬಂದ ಮೇಲೆ, ಮುಂಗಡ ಕಟ್ಟುವ ಮೊದಲು ಇಲ್ಲಿ ಹಾಕಿ. ಮೇಲೇನಿದೆ ಕೆಳಗೇನಿದೆ ನೋಡಿ ಹೇಳುತ್ತೇನೆ. ಈಜುಕೊಳದ ಕೆಳಗೆ ಅಂತೂ ನಿಮ್ಮನ್ನು ಮಲಗಿಸುವುದಿಲ್ಲ.