ಹಳೆ ಕಾರು ಇಟ್ಟುಕೊಳ್ಳೋದಾ, ಕೊಡೋದಾ? ಮೊದಲು ತಳ ನೋಡಿಸಿ

ನಿಮ್ಮ ಪ್ರಶ್ನೆ ಓದಿದೆ. 2010ರ ವ್ಯಾಗನಾರ್, ಪೆಟ್ರೋಲ್. ಮನೆ ಹೊಸನಗರದ ಹತ್ತಿರ. ಹದಿನೈದು ವರ್ಷದ ರಿಜಿಸ್ಟ್ರೇಷನ್ ಮುಗಿದಿದೆ. ಗ್ಯಾರೇಜಿನವರು 55 ಸಾವಿರ ಖರ್ಚು ಹೇಳಿದ್ದಾರೆ, ಕೊಳ್ಳುವವರು 80 ಸಾವಿರಕ್ಕೆ ಕೇಳುತ್ತಿದ್ದಾರೆ. ಇಷ್ಟು ಬೆಲೆಯ ಗಾಡಿಗೆ ಅಷ್ಟು ದುಡ್ಡು ಹಾಕೋದಾ, ಸುಮ್ನೆ ಕೊಟ್ಟುಬಿಡೋದಾ ಅಂತ ಕೇಳಿದ್ದೀರಿ.

ನಾನು ತೀರ್ಥಹಳ್ಳಿ ಕಡೆಯವನು. ಹಳೆ ಆಲ್ಟೋ ಒಂದನ್ನು ಬಹಳ ಕಾಲ ಓಡಿಸಿ ಆಮೇಲೆ ಬಿಟ್ಟುಕೊಟ್ಟವನು. ಈ ಎರಡು ಅಂಕಿಗಳನ್ನು ಈಗ ಪಕ್ಕಕ್ಕಿಡಿ ಅಂತಲೇ ಹೇಳುತ್ತೇನೆ. ಮೊದಲು ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ ತಳ ನೋಡಿ.

ಬಯಲುಸೀಮೆಯಲ್ಲಿ ಕಾರು ಹಳೆಯದಾಗುವುದು ಎಂಜಿನ್‌ನಿಂದ. ನಮ್ಮ ಮಲೆನಾಡಿನಲ್ಲಿ ಬಾಡಿಯಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಒಣಗುವುದೇ ಇಲ್ಲ. ಚಕ್ರದ ಮೇಲಿನ ಗೂಡಿನಲ್ಲಿ ಕೆಂಪು ಮಣ್ಣು ಮೆತ್ತಿಕೊಂಡು ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ವೈಪರ್ ಕೆಳಗೆ ನೀರು ಹೋಗುವ ತೂತುಗಳಿಗೆ ಎಲೆ, ಕಸ ಕಟ್ಟಿಕೊಂಡರೆ ನೀರು ಒಳಗೆ ಇಳಿದು ಕಾರ್ಪೆಟ್ ಕೆಳಗೆ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಡ್ರೈವರ್ ಕಾಲಡಿಯ ಕಾರ್ಪೆಟ್ ಎತ್ತಿ ಕೈ ಇಟ್ಟು ನೋಡಿ, ಹಸಿ ವಾಸನೆ ಬಂದರೆ ಅದೇ ಮೊದಲ ಸುಳಿವು.

ತೋಟ ಇದ್ದವರಾದರೆ ಇನ್ನೊಂದು ವಿಷಯ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲಕ್ಕೆ ಮೈಲುತುತ್ತದ (ಕಾಪರ್ ಸಲ್ಫೇಟ್) ಚೀಲವನ್ನು ಡಿಕ್ಕಿಯಲ್ಲಿ ತಂದಿರುತ್ತೀರಿ, ಅಲ್ವಾ? ಎಲ್ಲರೂ ತರುತ್ತೇವೆ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕೇ ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಬಾರದು ಅನ್ನುವುದು. ಚೀಲದಿಂದ ಉದುರಿದ ಪುಡಿ ಒದ್ದೆ ಮ್ಯಾಟ್ ಕೆಳಗೆ ಸೇರಿದರೆ ಡಿಕ್ಕಿಯ ತಳ ಬೇಗ ಹೋಗುತ್ತದೆ. ಉಪ್ಪು, ಗೊಬ್ಬರದ ಚೀಲಗಳ ಕಥೆಯೂ ಹಾಗೇ. ಸ್ಟೆಪ್ನಿ ತೆಗೆದು ಅದರ ಗುಂಡಿ ನೋಡುವುದನ್ನು ಮರೆಯಬೇಡಿ.

ಎಲ್ಲ ತುಕ್ಕೂ ಒಂದೇ ಅಲ್ಲ. ಬಾಗಿಲಿನ ಕೆಳಗಿನ ಅಂಚು, ಬಾನೆಟ್ ತುದಿ, ಮಡ್‌ಗಾರ್ಡ್, ಇವೆಲ್ಲ ಟಿಂಕರ್ ಕೆಲಸ. ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ, ಓಡಿಸಲು ತೊಂದರೆ ಇಲ್ಲ. ಭಾರ ಹೊರುವ ಜಾಗಗಳು ಬೇರೆ. ಮುಂದಿನ ಚಕ್ರ ಹಿಡಿದಿರುವ ಲೋಯರ್ ಆರ್ಮ್ ಬೋಲ್ಟ್ ಆಗಿರುವ ಜಾಗ, ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರುವ ಜಾಗ, ಹಿಂದಿನ ಆಕ್ಸಲ್ ಹಿಡಿದಿರುವ ಬ್ರಾಕೆಟ್‌ಗಳು, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಜಾಕ್ ಕೊಡುವ ಪಾಯಿಂಟ್. ಇಲ್ಲೆಲ್ಲ ಸ್ಕ್ರೂ ಡ್ರೈವರ್‌ನಿಂದ ಗಟ್ಟಿಯಾಗಿ ಒತ್ತಿಸಿ. ಠಣ್ ಅಂದರೆ ಸರಿ. ಪದರ ಪದರವಾಗಿ ಉದುರಿದರೆ, ತುದಿ ಒಳಗೆ ಹೋದರೆ, ಆ ಗಾಡಿಗೆ ಇನ್ನು ದುಡ್ಡು ಹಾಕಬೇಡಿ. ತಗಡು ಇಟ್ಟು ವೆಲ್ಡ್ ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಪಕ್ಕದ ತಗಡೂ ಸವೆದಿದ್ದರೆ ವೆಲ್ಡ್ ಹಿಡಿಯುವುದೇ ಇಲ್ಲ, ಹಿಡಿದರೂ ಮುಂದಿನ ಮಳೆಗಾಲಕ್ಕೆ ಅದರ ಪಕ್ಕದಲ್ಲಿ ಬಿಡುತ್ತದೆ. ಜೊತೆಗೆ ಬ್ರೇಕಿನ ಕಬ್ಬಿಣದ ಪೈಪ್‌ಗಳನ್ನೂ ತೋರಿಸಲು ಹೇಳಿ. ಪೈಪ್ ಮಾತ್ರ ಹೋಗಿದ್ದರೆ ಬದಲಿಸಬಹುದು, ಅದು ದೊಡ್ಡ ಖರ್ಚಲ್ಲ.

ನಮ್ಮ ಆಲ್ಟೋ ಎಂಜಿನ್ ಕೊನೆಯವರೆಗೂ ಗಡಿಯಾರದ ಹಾಗೆ ಓಡುತ್ತಿತ್ತು. ಲೋಯರ್ ಆರ್ಮ್ ಕೂರುವ ಜಾಗ ಉದುರಿತ್ತು. ನಮ್ಮ ಕಡೆ ತುರ್ತು ಅಂದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕು. ಹದಿನಾಲ್ಕು ಹೇರ್‌ಪಿನ್ ತಿರುವು, ರಾತ್ರಿ, ಮಂಜು, ಮಳೆ. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಆ ಗಾಡಿಯಲ್ಲಿ ಆ ದಾರಿ ಇಳಿಯಬಲ್ಲೆನಾ ಅಂತ ಕೇಳಿಕೊಂಡೆ. ಆಗುವುದಿಲ್ಲ ಅನ್ನಿಸಿತು. ಅಲ್ಲಿಗೆ ತೀರ್ಮಾನವಾಯಿತು. ನಿಮಗೆ ಹುಲಿಕಲ್ ಘಾಟಿ ಇದೆ. ಇದೇ ಪ್ರಶ್ನೆಯನ್ನು ನೀವೂ ಕೇಳಿಕೊಳ್ಳಿ.

ತಳ ಗಟ್ಟಿ ಇದೆ ಅಂತಾದರೆ ಆಗ ಲೆಕ್ಕಕ್ಕೆ ಬನ್ನಿ. ಬಹಳ ಜನ ನಿಮ್ಮ ಹಾಗೇ ರಿಪೇರಿ ಖರ್ಚನ್ನು ಗಾಡಿಯ ಬೆಲೆಯ ಪಕ್ಕ ಇಟ್ಟು ನೋಡುತ್ತಾರೆ. ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್ ಕಂಪನಿ ಹಾಗೆ ನೋಡುತ್ತದೆ, ರಿಪೇರಿ ಐಡಿವಿಯ (ಪಾಲಿಸಿಯಲ್ಲಿ ಬರೆದಿರುವ ಗಾಡಿಯ ಬೆಲೆ) ಶೇಕಡಾ 75 ದಾಟಿದರೆ ಟೋಟಲ್ ಲಾಸ್, ಅಂದರೆ ಗಾಡಿ ಪೂರ್ತಿ ಹೋಯಿತು ಅಂತ ಲೆಕ್ಕ. ಅದು ಅವರ ಲೆಕ್ಕ. ನೀವು ನೋಡಬೇಕಾದದ್ದು, ಈ ಗಾಡಿ ಬಿಟ್ಟರೆ ಮುಂದೆ ವರ್ಷಕ್ಕೆ ಎಷ್ಟು ಹೋಗುತ್ತದೆ ಅಂತ. 55 ಸಾವಿರ ಹಾಕಿ ಮೂರು ವರ್ಷ ಓಡಿದರೆ ವರ್ಷಕ್ಕೆ 18 ಸಾವಿರದಷ್ಟು. ಆರು ಲಕ್ಷದ ಹೊಸ ಕಾರಿಗೆ ಸಾಲ ಮಾಡಿದರೆ ಮೊದಲ ವರ್ಷದ ಬಡ್ಡಿಯೇ ಅದಕ್ಕಿಂತ ಜಾಸ್ತಿ. ನಮ್ಮ ರಾಜ್ಯದ ಜೀವಾವಧಿ ತೆರಿಗೆ ಬೇರೆ, ಐದರಿಂದ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ಶೇಕಡಾ 14, ಮೇಲೆ ಸೆಸ್. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಕಾರುಗಳ ಜಿಎಸ್‌ಟಿ 18ಕ್ಕೆ ಇಳಿದದ್ದು ನಿಜ, ಬೆಲೆ ಕಡಿಮೆಯಾಗಿದೆ. ಆದರೂ ದುಡ್ಡಿನ ದೃಷ್ಟಿಯಿಂದ ಮಾತ್ರ ನೋಡಿದರೆ ಗಟ್ಟಿ ತಳದ ಹಳೆ ಗಾಡಿಯೇ ಅಗ್ಗ.

ಆ 55 ಸಾವಿರವನ್ನು ಬಿಡಿಸಿ ಬರೆದುಕೊಡಲು ಹೇಳಿ. ಅದರಲ್ಲಿ ಟೈರ್, ಬ್ಯಾಟರಿ ಸೇರಿದ್ದರೆ ಅವು ಯಾವ ಕಾರಿಗಾದರೂ ಬರುವ ಖರ್ಚು, ಹಳೆಯದು ಅನ್ನುವ ಕಾರಣಕ್ಕಲ್ಲ. ಕ್ಲಚ್, ಶಾಕ್, ಬುಷ್, ಬಾಲ್ ಜಾಯಿಂಟ್ ಒಮ್ಮೆ ಮಾಡಿಸಿದರೆ ಕೆಲವು ವರ್ಷ ಬಾಳುತ್ತವೆ. ಪೇಂಟ್ ಬೇಕಿಲ್ಲ. ಎಂಜಿನ್ ಬಿಚ್ಚಬೇಕು ಅಂದಿದ್ದರೆ ಮಾತ್ರ ಇನ್ನೊಬ್ಬರ ಹತ್ತಿರ ತೋರಿಸಿ. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಇಂಥ ಗಾಡಿಗಳ ಕೆಲಸ ದಿನಾ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಮಾರುತಿ ಆದ್ದರಿಂದ ಸ್ಪೇರ್‌ಗೆ ಪರದಾಟ ಇಲ್ಲ. ಇಲ್ಲಿ ಮಾರಾಟವೇ ನಿಲ್ಲಿಸಿ ಹೋದ ಕಂಪನಿಯ ಗಾಡಿಯಾಗಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು. ಇಲಿ ವೈರ್ ಕಡಿದದ್ದಕ್ಕೆ ಬೇಸತ್ತು ಕಾರು ಮಾರುವವರೂ ಇದ್ದಾರೆ. ಹೊಸ ಕಾರಿನ ವೈರನ್ನೂ ಇಲಿ ಕಡಿಯುತ್ತದೆ.

ಪೆಟ್ರೋಲ್ ವಿಷಯ. ಈಗ ಬಂಕ್‌ನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತದ್ದು. 2010ರ ಕಾರು ಅದಕ್ಕೆಂದು ಮಾಡಿದ್ದಲ್ಲ. ಕೆಲವು ಹಳೆ ಗಾಡಿಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಅಂತ ಕೇಂದ್ರದ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಎಥನಾಲ್ ನೀರಿನ ಪಸೆ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದ ಗಾಳಿಯಲ್ಲಿ ಪಸೆಗೆ ಬರವಿಲ್ಲ. ಕಾರನ್ನು ವಾರಗಟ್ಟಲೆ ನಿಲ್ಲಿಸಬೇಡಿ, ಫ್ಯೂಯಲ್ ಪೈಪ್‌ಗಳನ್ನು ಬದಲಿಸಿಕೊಳ್ಳಿ. ಇದಕ್ಕೋಸ್ಕರ ಗಾಡಿ ಬಿಡುವ ಅಗತ್ಯ ಇಲ್ಲ.

ಹದಿನೈದು ವರ್ಷ ಆದ ಪೆಟ್ರೋಲ್ ಗಾಡಿ ಓಡಿಸಬಾರದು ಅನ್ನುವ ಸುದ್ದಿ ಕೇಳಿ ಹೆದರಬೇಡಿ. ಅದು ದೆಹಲಿ ಸುತ್ತಮುತ್ತಲಿನ ವಿಷಯ. ನಮ್ಮಲ್ಲಿ ಆರ್‌ಟಿಓ ತಪಾಸಣೆ ಮಾಡಿ ಐದು ವರ್ಷಕ್ಕೆ ಆರ್‌ಸಿ ನವೀಕರಿಸಿ ಕೊಡುತ್ತಾರೆ. ನೀವು ಸಾಗರದ ಕೆಎ 15 ಕಚೇರಿಗೆ ಹೋಗಬೇಕಾಗಬಹುದು. ಕಾರಿನ ಶುಲ್ಕ 2022ರ ಏಪ್ರಿಲ್‌ನಿಂದ 5000 ರೂಪಾಯಿ, ತಡವಾದರೆ ತಿಂಗಳಿಗೆ 500 ಸೇರುತ್ತಾ ಹೋಗುತ್ತದೆ, ಹಸಿರು ತೆರಿಗೆ ಬೇರೆ. ನಿಮ್ಮದು ಆಗಲೇ ಮುಗಿದಿರುವುದರಿಂದ ಯೋಚನೆಗೆ ಹೆಚ್ಚು ಸಮಯ ಇಲ್ಲ. ನವೀಕರಿಸದೆ ಓಡಿಸಬೇಡಿ, ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್ ಕೈಕೊಡುತ್ತದೆ.

ಒಂದು ಮಾತು ಮಾತ್ರ ನನಗೂ ಭಾರವೇ. ನಿಮ್ಮ ಗಾಡಿಯ ಕಾಲದ ಬಹಳಷ್ಟು ಸಣ್ಣ ಕಾರುಗಳಲ್ಲಿ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಎಬಿಎಸ್ ಎಲ್ಲ ಕಾರಿಗೂ ಕಡ್ಡಾಯವಾದದ್ದು 2019ರಲ್ಲಿ. ಒದ್ದೆ ಇಳಿಜಾರಿನಲ್ಲಿ ಎದುರಿಗೆ ಲಾರಿ ಬಂದು ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರುವುದು, ಜಾರದೆ ನಿಲ್ಲುವುದು, ಈ ವ್ಯತ್ಯಾಸಕ್ಕೆ ಬೆಲೆ ಕಟ್ಟಲಾಗುವುದಿಲ್ಲ. ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ವಾರಕ್ಕೊಮ್ಮೆ ಘಾಟಿ ಇಳಿಯುವ ಮನೆಯವರಾದರೆ, ಕೈಯಲ್ಲಿ ದುಡ್ಡೂ ಇದ್ದರೆ, ತಳ ಗಟ್ಟಿ ಇದ್ದರೂ ಬದಲಿಸಿ ಅನ್ನುತ್ತೇನೆ. ಹೊಸನಗರ ಪೇಟೆ, ತೋಟ, ರಿಪ್ಪನ್‌ಪೇಟೆ ಅಂತ ಹತ್ತಿರದಲ್ಲೇ ಓಡಾಟವಾದರೆ ರಿಪೇರಿ ಮಾಡಿಸಿ ಇಟ್ಟುಕೊಳ್ಳಿ. ತುಕ್ಕು ತಡೆಯಲು ತಳಕ್ಕೆ ಬಳಿಯುವ ಅಂಡರ್‌ಕೋಟಿಂಗ್ ಬೇಸಿಗೆಯಲ್ಲೇ ಮಾಡಿಸಿ, ಪೂರ್ತಿ ಒಣಗಿದ ಮೇಲೆ. ಒದ್ದೆ ತುಕ್ಕಿನ ಮೇಲೆ ಬಳಿದರೆ ಒಳಗೊಳಗೇ ತಿನ್ನುತ್ತದೆ.

ಕೊಡುವುದೇ ಅಂತ ತೀರ್ಮಾನವಾದರೆ ತಳದ ಸ್ಥಿತಿಯನ್ನು ಕೊಳ್ಳುವವರಿಗೆ ತೋರಿಸಿ ಹೇಳಿ. ಅವರ ಮನೆಯವರೂ ಅದೇ ಘಾಟಿ ಇಳಿಯುವವರು. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಮಾಡಿ ಸುಮ್ಮನಾಗದೆ ಆರ್‌ಸಿ ಅವರ ಹೆಸರಿಗೆ ಆಗುವವರೆಗೆ ಬೆನ್ನು ಹತ್ತಿ. ಗಾಡಿ ಒಪ್ಪಿಸಿದ ದಿನ, ಗಂಟೆ ಬರೆದು ಅವರ ಸಹಿ ಹಾಕಿಸಿಕೊಳ್ಳಿ. ಭಾರ ಹೊರುವ ಜಾಗವೇ ಹೋಗಿದ್ದರೆ ಯಾರಿಗೂ ಓಡಿಸಲು ಮಾರಬೇಡಿ, ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೇ ಕೊಡಿ. ಗಾಡಿ ಒಪ್ಪಿಸಿದ್ದಕ್ಕೆ ಅವರು ಕೊಡುವ ಠೇವಣಿ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಡೆಪಾಸಿಟ್) ತೋರಿಸಿದರೆ ಮುಂದಿನ ಹೊಸ ಕಾರಿನ ನೋಂದಣಿ ಶುಲ್ಕ ಉಳಿಯುತ್ತದೆ. ಬೀದಿಯ ಗುಜರಿಗೆ ಹಾಗೇ ಕೊಟ್ಟರೆ ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿದು, ಆ ನಂಬರ್ ಪ್ಲೇಟ್ ಎಲ್ಲಿ ಓಡಿದರೂ ನೋಟಿಸ್ ನಿಮಗೇ ಬರುತ್ತದೆ. ಆರ್‌ಸಿ ರದ್ದಾದ ಕಾಗದ ಕೈಗೆ ಬರುವವರೆಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ನಿಲ್ಲಿಸಬೇಡಿ.